ಸೂಜಿ ಬಿಡದ ಹೆಸರು

ನಿಪ್ಪಾಣಿಯ ಕುಸುಮಬಾಯಿಯ ಕಸೂತಿಯ ನವಿಲನ್ನು ನೋಡಿ ನಿಜವಾದ ಹೆಣ್ಣುನವಿಲೊಂದು ವಾರಗಟ್ಟಲೆ ಅಂಗಡಿಯ ಬಾಗಿಲು ಕಾದಿತ್ತೆಂಬ ಮಾತಿದೆ. ಸುಳ್ಳೆನ್ನುವವರು ಹೋಗಿ ನವಿಲನ್ನೇ ಕೇಳಬಹುದು. ಆ ಕಸೂತಿ ಕೈಯದಲ್ಲ. ಕಂಪ್ಯೂಟರಿನಲ್ಲಿ ಚಿತ್ರ ಆರಿಸಿ, ಹೆಸರು ಟೈಪ್ ಮಾಡಿ ಗುಂಡಿ ಒತ್ತಿದರೆ ಪಕ್ಕದ ಯಂತ್ರದ ಸೂಜಿ ಬಟ್ಟೆಯ ಮೇಲೆ ಅದನ್ನು ಹೊಲಿಯುತ್ತಿತ್ತು.

ಹಳೆಯ ಕಂಪ್ಯೂಟರು ಈ ಬೇಸಿಗೆಯಲ್ಲಿ ಪ್ರಾಣ ಬಿಟ್ಟಿತು. ಅದರ ಫ್ಯಾನಿನ ಗರಗರಕ್ಕೆ ಕೊಗನೊಳ್ಳಿಯ ಹೆದ್ದಾರಿಯಲ್ಲಿ ಲಾರಿಗಳು, ಹಿಂದೆ ಯಾವುದೋ ದೊಡ್ಡ ಗಾಡಿ ಬಂತೆಂದು ಬದಿಗೆ ಸರಿಯುತ್ತಿದ್ದವಂತೆ. ಹೊಸದರ ಪರದೆಯೋ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುವಷ್ಟು ಮಿರಿಮಿರಿ. ಏನು ಮುಟ್ಟಿದರೂ ಸೋಪಿನ ಗುಳ್ಳೆಯ ಹಾಗೆ ತೇಲಿ ಬಂದು ತೇಲಿ ಹೋಗುತ್ತಿತ್ತು. ಆದರೆ ಹಳೆಯ ಕಸೂತಿ ಪ್ರೋಗ್ರಾಮು ಮಾತ್ರ ಅಲ್ಲಿ ತೆರೆಯಲೊಲ್ಲದು. ಕುಸುಮಬಾಯಿಯ ನವಿಲು, ಬಳ್ಳಿ, ಅಕ್ಷರ ಎಲ್ಲ ಅದರೊಳಗೇ ಇದ್ದವು.

ಚಿಕ್ಕೋಡಿಯಿಂದ ಕಂಪ್ಯೂಟರ್ ರಿಪೇರಿಯ ಕುಣಾಲ ಬಂದ.

"ಕಾಕೂ, ಇದಕ್ಕ ಹೊಸ ಮನಿ ಒಗ್ಗವಲ್ದು. ಒಂದ ಸುಳ್ಳ ಹೇಳಬೇಕ್ರಿ. 'ನೀ ಇನ್ನೂ ಹಳೇ ಮನ್ಯಾಗ ಅದಿ' ಅಂತ."

"ನಂಬತೈತೇನಪಾ?"

"ಅದಕ್ಕೇನ್ ಗೊತ್ತಾಗತೈತ್ರಿ? ಸುತ್ತ ಗ್ವಾಡಿ ಎಲ್ಲಾ ಹೊಸಾವು, ಒಳಗ ಅದಕ್ಕ ಹಳೇ ಕಾಲನ ನಡದಿರತೈತಿ."

"ನಮ್ಮ ಲಗ್ನ ಮಾಡುಮುಂದ ನಿನ್ನಂಥಾವ ಒಬ್ಬ ಬೇಕಾಗಿದ್ದ ನೋಡ," ಎಂದು ಕುಸುಮಬಾಯಿ ನಕ್ಕಳು.

ನಗೆಗೆ ಕಾರಣವಿತ್ತು. ಈ ಕಡೆ ಲಗ್ನವಾದ ಹುಡುಗಿಗೆ ಗಂಡನ ಮನೆಯವರು ಬೇರೆ ಹೆಸರಿಡುತ್ತಾರೆ. ತಟ್ಟೆಯಲ್ಲಿ ಹರವಿದ ಅಕ್ಕಿಯ ಮೇಲೆ ವರ ಉಂಗುರದಿಂದ ಆ ಹೆಸರು ಬರೆದರೆ, ತವರಿನ ಹೆಸರು ಅಲ್ಲಿಗೆ ಮುಗಿಯಿತು. ದಿಗ್ಗೇವಾಡಿಯ ಬ್ರಾಹ್ಮಿ ಕೂಡ ಹಾಗೆಯೇ ಒಂದು ತಟ್ಟೆ ಅಕ್ಕಿಯಲ್ಲಿ ಕುಸುಮಳಾದವಳು. ಅವಳನ್ನು ಬ್ರಾಹ್ಮಿ ಎಂದು ಕೂಗುತ್ತಿದ್ದವರಲ್ಲಿ ಈಗ ಯಾರೂ ಉಳಿದಿರಲಿಲ್ಲ.

ಕುಣಾಲ ಸುಳ್ಳು ಹೇಳಿದ, ಪ್ರೋಗ್ರಾಮು ನಂಬಿತು, ಹಳೆಯ ಬೂದು ಪರದೆ ತೆರೆಯಿತು. ಮೊದಲ ಕೆಲಸ ಅದೇ ಓಣಿಯ ಗೌರಾಬಾಯಿಯದು. ಮಗ ರೋಹನನ ಲಗ್ನ ಮರುದಿನ. ವಧೂವರರ ನಡುವೆ ಹಿಡಿಯುವ ಅಂತರಪಟದ ಮೇಲೆ ಹೆಸರು ಮೂಡಬೇಕಿತ್ತು. "ಸೊಸಿಗೆ ಶೀತಲ ಅಂತ ಇಡಾವರದೀವಿ, ಅದನ್ನ ಹಾಕು," ಎಂದಷ್ಟೇ ಹೇಳಿ ಹೋಗಿದ್ದಳು.

ಮಟಮಟ ಮಧ್ಯಾಹ್ನ. ಓಣಿಯಲ್ಲಿ ನಾಯಿಯೂ ಇಲ್ಲ. ಸೂಜಿ ನವಿಲನ್ನು ಹೊಲಿಯಿತು, ರೋಹನನನ್ನು ಹೊಲಿಯಿತು, ಆಮೇಲೆ 'ಮನೀಷಾ' ಎಂದು ಹೊಲಿಯಿತು.

ಪರದೆಯ ಮೇಲೆ 'ಶೀತಲ' ಎಂದೇ ಇತ್ತು. ಕುಸುಮಬಾಯಿ ದಾರ ಬಿಚ್ಚಿದಳು, ಮತ್ತೆ ಟೈಪ್ ಮಾಡಿದಳು. ಮತ್ತೆ ಮನೀಷಾ. ಯಾರಿವಳು? ಈ ಅಂಗಡಿಯಲ್ಲಿ ಆ ಹೆಸರನ್ನು ಯಾರೂ ಆಡಿರಲಿಲ್ಲ.

ಅವಳು ಒಂದು ತುಂಡು ಬಟ್ಟೆ ಸಿಕ್ಕಿಸಿ, ಪರೀಕ್ಷೆಗೆಂದು 'ಕುಸುಮ' ಎಂದು ಹಾಕಿದಳು. ಯಂತ್ರ ಯಾರನ್ನೋ ನೆನಪಿಸಿಕೊಳ್ಳುವಂತೆ ತುಸು ಹೊತ್ತು ತಡೆಯಿತು. ಆಮೇಲೆ ನಿಧಾನವಾಗಿ 'ಬ್ರಾಹ್ಮಿ' ಎಂದು ಬರೆಯಿತು. ಅವಳ ಬೆನ್ನಿನ ಬೆವರು ಹೆಪ್ಪುಗಟ್ಟಿತು. ಮೇ ತಿಂಗಳ ನಿಪ್ಪಾಣಿಯಲ್ಲಿ ಐಸ್ ಸಿಕ್ಕಿದ್ದು ಅಂದೇ ಮೊದಲು.

ಅಷ್ಟರಲ್ಲಿ ಗೌರಾಬಾಯಿ ಬಂದಳು. ಅಂತರಪಟ ನೋಡಿ ಅವಳ ಮುಖ ಬಿಳುಚಿತು.

"ಅದು ಹುಡುಗಿ ತವರಮನಿ ಹೆಸರ! ನಿನಗ ಯಾರ್ ಹೇಳಿದ್ರು?"

"ಯಾರೂ ಹೇಳಿಲ್ರಿ ಅಕ್ಕಾರ. ಮಶೀನ ಹೊಲದೈತಿ."

"ಬಿಚ್ಚು. ಹಳೇ ಹೆಸರ ಬೆನ್ನ ಹತ್ತಿ ಬಂದ್ರ ಸೊಸಿ ಮನ್ಯಾಗ ನಿಂದರಾಂಗಿಲ್ಲ. ಶೀತಲ ಅಂತ ಕೈಲೆ ಹಾಕು."

ಕೈಯಿಂದ ಹೊಲಿಯುವುದು ಕುಸುಮಬಾಯಿಗೆ ಕಷ್ಟವೇನಲ್ಲ. ಕತ್ತರಿ ಹಿಡಿದಳು. ನಾಲ್ಕು ದಾರ ಕತ್ತರಿಸಿದರೆ ಯಾವುದೋ ಊರಿನ ಮನೀಷಾ ನಾಳೆಯಿಂದ ಇರುವುದಿಲ್ಲ. ಬೆರಳು ಮಡಚಲೊಲ್ಲದು.

"ನಿಮ್ಮ ತವರಮನಿ ಹೆಸರ ಏನ್ರಿ ಅಕ್ಕಾರ?"

ಗೌರಾಬಾಯಿ ಬಾಯಿ ತೆರೆದಳು. ಇದೇ ಜಿಲ್ಲೆಯ ಅನಂತಪುರದಿಂದ ಪರಕಾರ ಲಂಗ ತೊಟ್ಟುಕೊಂಡು ಸೊಸೆಯಾಗಿ ಬಂದ ಹುಡುಗಿ ಆಕೆ. ಕಬ್ಬಿನ ಗದ್ದೆ, ಬಾಣಂತನ, ಸೊಂಟನೋವು ಎಲ್ಲ ನೆನಪಿತ್ತು. ಅದೊಂದು ಮಾತ್ರ ಇರಲಿಲ್ಲ.

"ಅಯ್ಯ, ಏನಿತ್ತಬೇ ಅದು..." ಎಂದು ಸ್ಟೂಲಿನ ಮೇಲೆ ಕುಸಿದಳು. ಕುಸುಮಬಾಯಿ ತನ್ನ ತವರಿನ ಹೆಸರು ಮೂಡಿದ ತುಂಡನ್ನು ತೋರಿಸಿದಳು. ಗೌರಾಬಾಯಿ ಯಂತ್ರದ ಕಡೆ ನೋಡದೆ, "ನಂದೂ ಹಾಕ ನೋಡೂಣು," ಎಂದಳು.

ಕುಸುಮಬಾಯಿ ಇನ್ನೊಂದು ತುಂಡು ಸಿಕ್ಕಿಸಿ 'ಗೌರಾಬಾಯಿ' ಎಂದು ಹಾಕಿದಳು. ಸೂಜಿ ಇಳಿಯಿತು. ಗೌರಾಬಾಯಿ ಬಗ್ಗಿ, ಬೆನ್ನು ಅಡ್ಡಮಾಡಿ ಒಬ್ಬಳೇ ಓದಿದಳು. ಸಣ್ಣಗೆ 'ಓ' ಎಂದಳು, ಯಾರೋ ಕೂಗಿದ್ದಕ್ಕೆ ಓಗೊಟ್ಟಂತೆ. ಆ ತುಂಡನ್ನು ಮಡಚಿ ಕುಪ್ಪಸದೊಳಗೆ ಸೇರಿಸಿದಳು. ಅಂತರಪಟವನ್ನು ಹಾಗೆಯೇ ಸುತ್ತಿಕೊಂಡಳು.

"ಬಿಚ್ಚಬ್ಯಾಡ. ಮನೀಷಾನ ಇರಲಿ. ಮಂದಿ ಕೇಳಿದ್ರ ಮಶೀನ ಕೆಟ್ಟಿತ್ತು ಅಂತೀನಿ."

"ಕೆಟ್ಟೈತೇನ್ರಿ?"

"ನನಗೇನ ಕೇಳ್ತಿ," ಎಂದು ಗೌರಾಬಾಯಿ ಹೊರಬಿದ್ದಳು.

ಕುಸುಮಬಾಯಿ ಖಾಲಿ ಬಟ್ಟೆ ಸಿಕ್ಕಿಸಿ ನೀರು ಕುಡಿಯಲು ಎದ್ದಳು. ಅವಳು ಏನೂ ಟೈಪ್ ಮಾಡಿರಲಿಲ್ಲ. ಬೆನ್ನ ಹಿಂದೆ ಸೂಜಿ ತಾನಾಗಿ ಇಳಿಯತೊಡಗಿತು. ಒಂದು ತವರಿನ ಹೆಸರು, ಅದರ ಕೆಳಗೆ ಇನ್ನೊಂದು. ಓಣಿಯ ಅತ್ತೆಯರು, ಅವರ ಅತ್ತೆಯರು, ತೀರಿಹೋದವರು ಎಲ್ಲ ಸರತಿ ಹಚ್ಚಿದಂತೆ. ಯಂತ್ರ ಆರಿಸಲೆಂದು ಓಡಿಬಂದ ಕುಸುಮಬಾಯಿ ದಾರ ಮುಗಿಯುತ್ತಿರುವುದನ್ನು ಕಂಡಳು. ಹೊಸ ರೀಲು ಹುಡುಕಿ ತಂದು ಸಿಕ್ಕಿಸಿದಳು.