ನಮ್ಮ ಮನೆಯ ಪ್ರಾರ್ಥನೆಗೆ ಹೊತ್ತು ಕೂಡಿಬಂದದ್ದು

ಮೂಡುಬಿದಿರೆಯ ಬಸ್ ಸ್ಟ್ಯಾಂಡಿನ ಹತ್ತಿರ ನನಗೊಂದು ಕನ್ನಡಕದ ಅಂಗಡಿ ಇದೆ. ಹೆಂಡತಿ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಇಬ್ಬರು ಹೆಣ್ಣುಮಕ್ಕಳು. ಭಾನುವಾರ ಚರ್ಚಿಗೆ ಹೋಗುತ್ತಿದ್ದೆವು, ಕ್ರಿಸ್ಮಸ್ ಬಂದರೆ ಜಗಲಿಯಲ್ಲಿ ನಕ್ಷತ್ರ ತೂಗುಹಾಕುತ್ತಿದ್ದೆವು. ಅದನ್ನು ಬಿಟ್ಟರೆ ವಾರದ ಉಳಿದ ದಿನಗಳಲ್ಲಿ ನಮ್ಮ ಮನೆಯೊಳಗೆ ದೇವರ ಹೆಸರು ಕೇಳಿಬರುತ್ತಿದ್ದದ್ದು ಯಾರಾದರೂ ಕಾಲು ಎಡವಿದಾಗ ಮಾತ್ರ.

ಇದನ್ನು ಮೊದಲು ಗಮನಿಸಿದವಳು ದೊಡ್ಡ ಮಗಳು. ಪಕ್ಕದ ಮನೆಯವರು ಜೈನರು. ಅಲ್ಲಿ ಅವಳ ಪ್ರಾಯದ ಹುಡುಗಿಯೊಬ್ಬಳಿದ್ದಳು. ಇಬ್ಬರೂ ಅಂಗಳದಲ್ಲಿ ಆಡುತ್ತಿರುವಾಗ ಬಿಸಿಲು ಇಳಿಯುತ್ತಿದ್ದಂತೆ ಆ ಹುಡುಗಿಗೆ ಒಳಗಿನಿಂದ ಕರೆ ಬರುತ್ತಿತ್ತು. ಸೂರ್ಯ ಮುಳುಗುವುದರೊಳಗೆ ಅವರ ಊಟ ಮುಗಿಯಬೇಕು. ಆಮೇಲೆ ಅಜ್ಜಿ ಎಲ್ಲರನ್ನೂ ಕೂರಿಸಿ ಮಂತ್ರ ಹೇಳಿಸುತ್ತಿದ್ದರು. ನನ್ನ ಮಗಳು ಬೇಲಿಯ ಈಚೆ ಒಬ್ಬಳೇ ಉಳಿಯುತ್ತಿದ್ದಳು. ಒಂದು ದಿನ ಅಂಗಡಿ ಮುಚ್ಚಿ ಮನೆಗೆ ಬಂದಾಗ ಅವಳು ಕೇಳಿದಳು:

"ಪಪ್ಪ, ಅವರದ್ದು ಸಂಜೆಗೆ ಉಂಟು. ನಮ್ಮದು ಯಾವಾಗ?"

"ಏನು, ಊಟವಾ?"

"ಊಟ ಅಲ್ಲ. ದೇವರ ಹತ್ತಿರ ಮಾತಾಡುವುದು."

ನಾನು ಬೆಳೆದ ಮನೆಯಲ್ಲಿ ಈ ಪ್ರಶ್ನೆ ಹುಟ್ಟುವಂತಿರಲಿಲ್ಲ. ಸಿದ್ದಕಟ್ಟೆಯ ಹತ್ತಿರದ ಆ ಮನೆಯಲ್ಲಿ ಶಾಲಾ ಮಾಸ್ತರರಾಗಿದ್ದ ಅಪ್ಪ ದಿನಾ ಸಂಜೆ ಕುಟುಂಬ ಪ್ರಾರ್ಥನೆ ನಡೆಸುತ್ತಿದ್ದರು. ಒಂದು ಹಾಡು, ಬೈಬಲಿನ ಒಂದು ಇಡೀ ಅಧ್ಯಾಯ, ಆಮೇಲೆ ಮೊಣಕಾಲೂರಿ ಪ್ರಾರ್ಥನೆ. ಆ ಪ್ರಾರ್ಥನೆಯಲ್ಲಿ ಊರಿನ ರೋಗಿಗಳು, ವಿಧವೆಯರು, ದೇಶವನ್ನಾಳುವವರು, ಎಲ್ಲರೂ ಸಾಲಾಗಿ ಬಂದುಹೋಗುತ್ತಿದ್ದರು. ಮೊಣಕಾಲೂರಿಕೊಂಡೇ ನಿದ್ದೆ ಮಾಡುವ ವಿದ್ಯೆ ನನಗೆ ಅಲ್ಲಿಯೇ ಸಿದ್ಧಿಸಿತು. ಕಾಲೇಜಿಗೆಂದು ಉಜಿರೆಯ ಹಾಸ್ಟೆಲ್ ಸೇರಿದ ಮೊದಲ ಸಂಜೆ ನನ್ನನ್ನು ಯಾರೂ ಪ್ರಾರ್ಥನೆಗೆ ಕರೆಯಲಿಲ್ಲ. ಹಾಯೆನಿಸಿತು. ಆ ಹಾಯಿ ಮದುವೆಯಾಗಿ ಮಕ್ಕಳಾದ ಮೇಲೂ ಹಾಗೆಯೇ ಮುಂದುವರಿದಿತ್ತು.

ಮಗಳು ಕೇಳಿದ ಮೇಲೆ ಸುಮ್ಮನಿರುವಂತಿರಲಿಲ್ಲ. ಮೊದಲು ಬೆಳಿಗ್ಗೆ ಪ್ರಯತ್ನಿಸಿದೆವು. ಚಿಕ್ಕವಳ ಒಂದು ಕಾಲಿನ ಸಾಕ್ಸ್ ಸಿಗುವುದರೊಳಗೆ ಶಾಲೆಯ ವ್ಯಾನು ಹಾರ್ನ್ ಹಾಕುತ್ತಿತ್ತು. ಪ್ರಾರ್ಥನೆಯ ಬದಲು ಬೈಗುಳವೇ ಹೆಚ್ಚಾಯಿತು. ಆಮೇಲೆ ಅದನ್ನು ಊಟಕ್ಕೆ ಮೊದಲು ಇಟ್ಟುಕೊಂಡೆವು. ನನಗೆ ಗೊತ್ತಿದ್ದ ರೀತಿ ಒಂದೇ, ಅಪ್ಪನದ್ದು. ಬೈಬಲಿನ ಮೊದಲ ಪುಸ್ತಕ ಆದಿಕಾಂಡದಿಂದ ಶುರು ಮಾಡಿ ದಿನಕ್ಕೊಂದು ಅಧ್ಯಾಯ ಓದತೊಡಗಿದೆ. ಸೃಷ್ಟಿ, ಹಾವು, ಹಣ್ಣು ಇರುವವರೆಗೆ ಮಕ್ಕಳು ಕೇಳಿದರು. ಯಾರು ಯಾರನ್ನು ಹೆತ್ತರು, ಎಷ್ಟು ವರ್ಷ ಬದುಕಿದರು ಎಂಬ ವಂಶಾವಳಿ ಬಂದಾಗ ಚಿಕ್ಕವಳು ಗೋಡೆಗೊರಗಿ ನಿದ್ದೆಹೋದಳು.

"ಇವರೆಲ್ಲ ಯಾರು ಪಪ್ಪ?" ಎಂದು ದೊಡ್ಡವಳು ಕೇಳಿದಳು.

"ಸುಮ್ಮನೆ ಕೇಳು," ಎಂದೆ. ನನಗೂ ಗೊತ್ತಿರಲಿಲ್ಲ.

ಊಟಕ್ಕೆ ಬಡಿಸುವಾಗ ಹೆಂಡತಿ ಕೇಳಿದಳು: "ನೀವು ಓದುವುದು ಮಕ್ಕಳಿಗೋ, ಮಾವನಿಗೋ?"

ಮರುದಿನವೂ ಅಧ್ಯಾಯವನ್ನೇ ಓದಿದೆ. ಅಷ್ಟರಲ್ಲಿ ಕಾಲೇಜುಗಳು ಶುರುವಾದವು. ಹೊರ ಜಿಲ್ಲೆಗಳಿಂದ ಬಂದ ವಿದ್ಯಾರ್ಥಿಗಳಿಂದ ಅಂಗಡಿಯಲ್ಲಿ ರಶ್ಶು ಹೆಚ್ಚಿತು. ನಾನು ಮನೆ ಸೇರುವಾಗ ಮಕ್ಕಳ ಊಟವಾಗಿರುತ್ತಿತ್ತು. ಪ್ರಾರ್ಥನೆ ನಿಂತುಹೋಯಿತು. ನಿಲ್ಲಿಸುವ ಎಂದು ಯಾರೂ ಹೇಳಿರಲಿಲ್ಲ.

ಅದೇ ಮಳೆಗಾಲದ ಒಂದು ಭಾನುವಾರ ಅಪ್ಪನನ್ನು ನೋಡಲು ಹೋದೆ. ಅಮ್ಮ ತೀರಿಕೊಂಡ ಮೇಲೆ ಅವರು ನನ್ನ ತಮ್ಮನ ಸಂಸಾರದ ಜೊತೆಗಿದ್ದರು. ಅವರ ಕನ್ನಡಕದ ಸಡಿಲವಾದ ಕಾಲನ್ನು ಬಿಗಿ ಮಾಡಿಕೊಡುತ್ತಾ ಕೇಳಿದೆ:

"ಅಪ್ಪ, ಅಷ್ಟು ವರ್ಷ ಒಂದು ದಿನ ಬಿಡದೆ ಪ್ರಾರ್ಥನೆ ಹೇಗೆ ನಡೆಸಿದಿರಿ?"

"ನಾನು ಎಲ್ಲಿ ನಡೆಸಿದ್ದು?" ಎಂದರು ಅಪ್ಪ. "ನಿನ್ನ ಅಮ್ಮ ಗಂಜಿ ಇಳಿಸಿ ಬಂದು ಚಾಪೆ ಹಾಸಿಬಿಡ್ತಿದ್ದಳು. ಹಾಸಿದ ಮೇಲೆ ಕೂತುಕೊಳ್ಳದೆ ಏನು ಮಾಡುವುದು? ಎಷ್ಟೋ ದಿನ ನನಗೂ ಮನಸ್ಸಿರಲಿಲ್ಲ ಮಾರಾಯ."

ಅಪ್ಪನಿಗೆ ಮನಸ್ಸಿರದ ದಿನಗಳಿದ್ದವು ಎಂಬುದನ್ನು ನಾನು ಆವರೆಗೆ ಯೋಚಿಸಿಯೇ ಇರಲಿಲ್ಲ. ಕನ್ನಡಕ ಹಾಕಿಕೊಂಡು ಅವರು ಇನ್ನೊಂದು ಮಾತು ಸೇರಿಸಿದರು: "ಮಕ್ಕಳಿಗೆ ನನ್ನಷ್ಟು ಉದ್ದ ಮಾಡಬೇಡ. ನೀನು ನಿದ್ದೆ ಮಾಡ್ತಿದ್ದದ್ದು ನನಗೆ ಗೊತ್ತಿತ್ತು."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಚಾಪೆ ಹಾಸುವ ಕೆಲಸ ದೊಡ್ಡ ಮಗಳಿಗೆ ಬಿತ್ತು. ನಾನು ತಡವಾದರೆ ಹೆಂಡತಿ, ಅವಳಿಗೆ ಡ್ಯೂಟಿಯಿದ್ದರೆ ನಾನು, ಯಾರಿದ್ದಾರೋ ಅವರು ಎಂದು ಮಾತಾಯಿತು. ವಂಶಾವಳಿಗಳನ್ನು ಬಿಟ್ಟೆವು. ಸುವಾರ್ತೆಯಿಂದ ಒಂದು ಸಣ್ಣ ಭಾಗ, ಅದನ್ನು ಮೊದಲು ಕಥೆಯಂತೆ ಹೇಳಿ ಆಮೇಲೆ ಓದುವುದು. ಕೊನೆಗೆ ಪ್ರತಿಯೊಬ್ಬರದ್ದೂ ಒಂದೊಂದು ಮಾತಿನ ಪ್ರಾರ್ಥನೆ. ಭಾಷೆ ಅವರವರಿಗೆ ಬಿಟ್ಟದ್ದು. ಚಿಕ್ಕವಳದ್ದು ತುಳುವಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು.

ಒಂದು ಸಂಜೆ ಅವಳು ಕೈಮುಗಿದು ಹೇಳಿದಳು: "ದೇವರೇ, ಅಮ್ಮನಿಗೆ ನೈಟ್ ಡ್ಯೂಟಿ ಬೇಡ. ಆಮೆನ್."

ಮರುದಿನವೂ ಅದೇ. ಅದರ ಮರುದಿನವೂ ಅದೇ. ವಾರ ಕಳೆಯುವಾಗ ಆಸ್ಪತ್ರೆಯಲ್ಲಿ ಡ್ಯೂಟಿ ಬದಲಾಗಿ ಅವಳಿಗೆ ಹಗಲಿನ ಪಾಳಿ ಬಂತು. ಚಿಕ್ಕವಳು ಚಾಪೆಯ ಮೇಲೆಯೇ ಕುಣಿದಳು. "ದೇವರು ಕೇಳಿದ!" ಎಂದಳು.

ಹೆಂಡತಿ ಅವಳನ್ನು ಹತ್ತಿರ ಕೂರಿಸಿಕೊಂಡಳು. "ನನ್ನ ನೈಟ್ ಡ್ಯೂಟಿ ಈಗ ಯಾರಿಗೆ ಹೋಯಿತು ಗೊತ್ತುಂಟಾ? ನನ್ನ ಜೊತೆ ಕೆಲಸ ಮಾಡುವ ವೇಣೂರಿನ ಆಂಟಿಗೆ. ಅವರ ಮನೆಯಲ್ಲಿ ನಿನಗಿಂತ ಸಣ್ಣ ಮಗು ಉಂಟು."

"ಅವರಿಗೂ ಬೇಡ," ಎಂದಳು ಚಿಕ್ಕವಳು.

"ಹಾಗಾದರೆ ರಾತ್ರಿ ಆಸ್ಪತ್ರೆಯಲ್ಲಿ ಸೀಕಾಗಿ ಮಲಗಿದವರನ್ನು ಯಾರು ನೋಡುವುದು?"

"ಯಾರಿಗೂ ಸೀಕೇ ಆಗದಿದ್ದರೆ?"

"ಹಾಗೆ ಆಗುವುದಿಲ್ಲವಲ್ಲ ಮಗಾ."

ಆ ದಿನ ಅವಳು ಪ್ರಾರ್ಥನೆ ಮಾಡಲಿಲ್ಲ. ಮಾಡು ಎಂದು ನಾವೂ ಒತ್ತಾಯಿಸಲಿಲ್ಲ. ಮಗುವಿನ ನಂಬಿಕೆಗೆ ಅಷ್ಟು ಬೇಗ ಲೆಕ್ಕ ಕೇಳಬಾರದಿತ್ತೇನೋ ಎಂದು ನನಗನಿಸಿತು. ಹೆಂಡತಿಗೆ ಹಾಗನಿಸಲಿಲ್ಲ. "ಸುಳ್ಳು ಹೇಳಿ ಕುಣಿಸುವುದು ಬೇಡ," ಎಂದಳು. ಅವಳು ದಿನಾ ವಾರ್ಡಿನಲ್ಲಿ ಪ್ರಾರ್ಥನೆಗಳನ್ನು ನೋಡುವವಳು. ಗುಣವಾಗಿ ಮನೆಗೆ ಹೋದವರನ್ನೂ ಹೋಗದವರನ್ನೂ ಕಂಡವಳು.

ಎರಡು ದಿನ ಚಿಕ್ಕವಳು ತನ್ನ ಸರದಿ ಬಂದಾಗ ತಲೆಯಲ್ಲಾಡಿಸಿ ಅಕ್ಕನಿಗೆ ಬಿಟ್ಟಳು. ಮೂರನೆಯ ದಿನ ಅವಳಾಗಿಯೇ ಕಣ್ಣುಮುಚ್ಚಿದಳು.

"ದೇವರೇ, ಯಾರ ಅಮ್ಮನಿಗೆ ನೈಟ್ ಡ್ಯೂಟಿಯೋ, ಆ ಮನೆಯ ಮಕ್ಕಳಿಗೆ ಬೇಗ ನಿದ್ದೆ ಬರಲಿ. ಆಮೆನ್."

ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಸಾರು ಬಿಸಿಮಾಡಲು ಅವಳಿಗೆ ಸಾಧಾರಣವಾಗಿ ಅಷ್ಟು ಹೊತ್ತು ಬೇಕಾಗುವುದಿಲ್ಲ.

ಆಸ್ಪತ್ರೆಯಲ್ಲಿ ಅವಳು ಇದನ್ನು ವೇಣೂರಿನ ಆ ಗೆಳತಿಗೆ ಹೇಳಿದಳಂತೆ. ಅವರು ದಿನಾ ದೇವಸ್ಥಾನಕ್ಕೆ ಹೋಗುವವರು. ಮೊದಲು ನಕ್ಕರಂತೆ. ಆಮೇಲೆ, "ನನ್ನ ಮಗುವಿನ ಹೆಸರು ಹೇಳಿಯೇ ಪ್ರಾರ್ಥಿಸಲಿಕ್ಕೆ ಹೇಳು ಮಾರಾಯ್ತಿ. ಅದು ಮಲಗುವುದೇ ಇಲ್ಲ," ಎಂದರಂತೆ. ಅಂದಿನಿಂದ ಆ ಹೆಸರು ಸೇರಿತು. ಅದರ ಹಿಂದೆ ಬೇರೆ ನರ್ಸುಗಳ ಮಕ್ಕಳು, ಪಕ್ಕದ ಮನೆಯ ಅಜ್ಜಿಯ ಮಂಡಿನೋವು, ವ್ಯಾನಿನ ಡ್ರೈವರಣ್ಣ.

ಇದೆಲ್ಲ ನಡೆದು ಕೆಲವು ವರ್ಷಗಳಾದವು. ಈಗಲೂ ನಡುವೆ ತಪ್ಪುತ್ತದೆ. ನೆಂಟರು ಬಂದರೆ ತಪ್ಪುತ್ತದೆ, ಪರೀಕ್ಷೆ ಬಂದರೆ ತಪ್ಪುತ್ತದೆ. ತಪ್ಪಿದ ಮರುದಿನ ಮತ್ತೆ ಕೂತುಕೊಳ್ಳುತ್ತೇವೆ. ದೊಡ್ಡವಳು ಹೈಸ್ಕೂಲಿಗೆ ಬಂದಿದ್ದಾಳೆ. ಕೆಲವು ಸಂಜೆ ಅವಳ ಸರದಿ ಬಂದಾಗ, "ಇವತ್ತು ನನಗೆ ಏನೂ ಹೇಳಲಿಕ್ಕಿಲ್ಲ," ಎನ್ನುತ್ತಾಳೆ. "ಆಯ್ತು," ಎಂದು ನಾವು ಮುಂದಿನವರಿಗೆ ಹೋಗುತ್ತೇವೆ. ಅವಳು ಎದ್ದುಹೋಗುವುದಿಲ್ಲ. ಉಳಿದವರದ್ದು ಮುಗಿಯುವವರೆಗೆ ತಲೆ ತಗ್ಗಿಸಿಕೊಂಡು ಕೂತಿರುತ್ತಾಳೆ.