ಅನ್ನ ಕೇಳದ ಕಸ

“ಇದ್ರೆ ಇರ್ಲಿ ಬಿಡಮ್ಮ, ಅದೇನ್ ನಿನ್ನ ಅನ್ನ ಕೇಳ್ತದಾ? ಎದ್ದು ಮನೆಗೋಗು!” ಎಂದು ಕೂಗುತ್ತಾ ನಮ್ಮ ಮಾಲೀಕರು ಇಂಟರ್ನೆಟ್ಟಿಗೆಂದು ಕಂಪ್ಯೂಟರಿಗೆ ಸಿಕ್ಕಿಸಿದ್ದ ಫೋನ್ ವೈರನ್ನು ಕಿತ್ತೇಬಿಟ್ಟರು.

ತೊಂಬತ್ತರ ದಶಕದ ಕೊನೆ. ಬಂಗಾರಪೇಟೆಯ ಅವರ ಕಂಪ್ಯೂಟರ್ ಸೆಂಟರಿನಲ್ಲಿ ನಾನು ಪಾಠ ಹೇಳುತ್ತಿದ್ದೆ. ಇಂಟರ್ನೆಟ್ ನೋಡಲು ಬಳಸುವ ಒಂದು ಬ್ರೌಸರ್‌ನ ಕೋಡನ್ನು, ಬೇಕಾದವರು ತಿದ್ದಲಿ ಎಂದು, ಅದನ್ನು ಬರೆದವರೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಪಾಠ ಮುಗಿದ ಮೇಲೆ ನಾನು ಕೂತು, ಅದರಲ್ಲಿ ಯಾವ ಕೆಲಸಕ್ಕೂ ಬಾರದೆ ಬಿದ್ದಿದ್ದ ಹಳೆಯ ಸಾಲುಗಳನ್ನು ಹುಡುಕಿ ತೆಗೆಯುತ್ತಿದ್ದೆ. ತೆಗೆದ ಮೇಲೂ ಬ್ರೌಸರ್ ಸರಿಯಾಗಿಯೇ ಓಡುತ್ತಿತ್ತು. ಆದರೂ, ನನ್ನ ತಿದ್ದುಪಡಿ ಕಳಿಸಿದಾಗ ಬ್ರೌಸರ್ ತಂಡದವರೊಬ್ಬರು, ‘ಅವುಗಳಿಂದ ತೊಂದರೆಯೇನಿಲ್ಲ, ಮುಟ್ಟಬೇಡಿ’ ಎಂದು ಬರೆದಿದ್ದರು. ಅವರಿಗೆ ಉತ್ತರ ಕಳಿಸುವ ಹೊತ್ತಿಗೇ ಮಾಲೀಕರು ಬಂದು, ವಿಷಯ ಕೇಳಿ, ಹಾಗೆ ಕೂಗಿದ್ದು.

ನಮ್ಮ ಮನೆ ಕೆಜಿಎಫ್‌ನ ಕೋರಮಂಡಲ್‌ನಲ್ಲಿ. ಹಿತ್ತಲಾಚೆಗೇ, ಗಣಿಯವರು ಸೈನೈಡ್ ಹಾಕಿ ಚಿನ್ನ ತೆಗೆದು ಸುರಿದ ಮಣ್ಣಿನ ದಿಬ್ಬ. ನನಗೆ ರೇಗಿಹೋಯಿತು.

“ನಮ್ಮನೆ ಹಿಂದಿನ ದಿಬ್ಬಾನೂ ಅನ್ನ ಕೇಳಲ್ಲ ಸಾರ್. ಗಾಳಿ ಎದ್ರೆ ಅನ್ನದೊಳಕ್ಕೇ ಬಂದು ಬೀಳ್ತದೆ!” ಎಂದವಳೇ ಅವರ ಕೈಯಿಂದ ವೈರ್ ಕಿತ್ತುಕೊಂಡು ಸಿಕ್ಕಿಸಿದೆ. ಅದೇ ಮಾತನ್ನು ನನಗೆ ಬಂದ ಇಂಗ್ಲಿಷಿನಲ್ಲಿ ಬರೆದು ಆ ತಂಡಕ್ಕೂ ಕಳಿಸಿದೆ.

ಬ್ರೌಸರ್‌ನ ಮುಂದಿನ ಆವೃತ್ತಿಯಲ್ಲಿ ಆ ಸಾಲುಗಳಿರಲಿಲ್ಲ. ದಿಬ್ಬ ಮಾತ್ರ ಇವತ್ತಿಗೂ ಅಲ್ಲೇ ಇದೆ. ಗಾಳಿಯ ದಿನ ನಾವಿನ್ನೂ ಕಿಟಕಿ ಮುಚ್ಚಿಕೊಂಡೇ ಉಣ್ಣುತ್ತೇವೆ. ಯಾರಾದರೂ ‘ಇದ್ದರೆ ಇರಲಿ ಬಿಡಿ’ ಎಂದರೆ ಸಾಕು, ನನ್ನ ಕೈ ಈಗಲೂ ಆ ವೈರನ್ನು ಹುಡುಕುತ್ತದೆ.