ಅಳಬೇಡ ಎಂದವರು ಯಾರು

ನಮ್ಮ ಕಟ್ಟಡದ ಮೂರನೇ ಮಹಡಿಯ ಬಾಡಿಗೆದಾರ ಯಮನೂರ ಗ್ರೀಕ್ ಭಾಷೆ ಕಲಿತಿದ್ದಾನೆ ಎಂದರೆ ಹೆಬ್ಬಗೋಡಿಯಲ್ಲಿ ಯಾರೂ ನಂಬುವುದಿಲ್ಲ. ಓದಿದ್ದು ಹತ್ತನೇ ಕ್ಲಾಸು, ಊರು ಕುಷ್ಟಗಿ ಕಡೆ. ಬೊಮ್ಮಸಂದ್ರದ ಒಂದು ವರ್ಕ್‌ಶಾಪಿನಲ್ಲಿ ಕೆಲಸ. ಮೆಷಿನ್ನಿನಿಂದ ಇಳಿದ ಪಾರ್ಟುಗಳನ್ನು ಡ್ರಾಯಿಂಗಿನ ಜೊತೆ ತಾಳೆ ನೋಡಿ, ಸರಿಯಿದ್ದರೆ ಒಂದು ಟ್ರೇಗೆ, ಕೆಟ್ಟಿದ್ದರೆ ಇನ್ನೊಂದಕ್ಕೆ ಹಾಕುತ್ತಾನೆ. "ಏನ್ ಯಮನೂರಪ್ಪ, ಇಂಗ್ಲಿಷೇ ಸರಿಯಾಗಿ ಬರಲ್ಲ, ಗ್ರೀಕ್ ಯಾಕಪ್ಪಾ ನಿಂಗೆ?" ಎಂದು ನಾನೂ ಮೊದಲು ನಕ್ಕಿದ್ದೆ. ಕಾರಣ ತಿಳಿದ ಮೇಲೆ ನಗಲಿಲ್ಲ. ಆ ಕಾರಣದಲ್ಲಿ ನನ್ನದೂ ಪಾಲಿದೆ, ಮುಚ್ಚಿಟ್ಟು ಪ್ರಯೋಜನವಿಲ್ಲ.

ನಾನು ಶೋಭಾರಾಣಿ, ಈ ಮನೆಯ ಸೊಸೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ನಮ್ಮತ್ತೆ ಭದ್ರಮ್ಮ ನಾಲ್ಕಂತಸ್ತು ಎಬ್ಬಿಸಿದರು. ಕೆಳಗೆ ನಾವು, ಮೇಲೆ ಹನ್ನೆರಡು ರೂಮು. ಆರರಿಂದ ಏಳರವರೆಗೆ ನೀರು, ಮೆಟ್ಟಿಲ ಮೇಲೆ ಚಪ್ಪಲಿ ಬಿಡಬಾರದು, ಗಲಾಟೆ ಕೂಡದು. ಕಾನೂನು ಮಾಡುವವರು ಅತ್ತೆ. ಮೆಟ್ಟಿಲು ಹತ್ತಿ ಹೋಗಿ ಹೇಳಿ ಕೆಟ್ಟವಳಾಗುವವಳು ನಾನು.

ಯಮನೂರ, ಅವನ ಹೆಂಡತಿ ಶೇಖವ್ವ, ಪುಟ್ಟ ಮಗಳು ದಾನೇಶ್ವರಿ, ಮೂವರೂ ಹನ್ನೆರಡು ವರ್ಷದ ಹಿಂದೆ ಬಂದರು. ಗಾರ್ಮೆಂಟ್ಸಿಗೆ ಹೋಗುತ್ತಿದ್ದ ಶೇಖವ್ವ ಬಟ್ಟೆ ಒಗೆಯುವಾಗ ಹಾಡುತ್ತಿದ್ದಳು. ಅವಳು ಹಾಡಲಿ ಎಂದೇ ನಾನು ಪಾತ್ರೆ ತೊಳೆಯುವುದನ್ನು ಆ ಹೊತ್ತಿಗೆ ಇಟ್ಟುಕೊಳ್ಳುತ್ತಿದ್ದೆ. ಅವರ ಊರಿನಲ್ಲಿ ಯಾರಾದರೂ ಸತ್ತರೆ ಅವಳ ತಾಯಿಗೆ ಕರೆ ಬರುತ್ತಿತ್ತಂತೆ. ಹೆಣದ ಮುಂದೆ ಕೂತು, ಸತ್ತವರು ಉಂಡದ್ದು ಉಟ್ಟದ್ದು ಎಲ್ಲವನ್ನೂ ಹಾಡು ಮಾಡಿ, ಎದೆ ಬಡಿದುಕೊಂಡು ಅಳುವುದಕ್ಕೆ. ಹಾಗೆ ಹಾಡಿ ಅಳದೆ ಎತ್ತಿದರೆ ಅದು ದಿಕ್ಕಿಲ್ಲದ ಹೆಣ ಎಂದು ಅವರ ಕಡೆ ಮಾತು. ಇಲ್ಲಿಗೆ ಬಂದ ಎರಡನೇ ವರ್ಷ ಗಂಡ ಹೆಂಡತಿ ಹಿಂದಿನ ಬೀದಿಯ ಪ್ರಾರ್ಥನಾ ಮಂದಿರಕ್ಕೆ ಹೋಗತೊಡಗಿದರು, ಮರುವರ್ಷ ದೀಕ್ಷಾಸ್ನಾನವನ್ನೂ ತೆಗೆದುಕೊಂಡು ಕ್ರೈಸ್ತರಾದರು.

ಎಂಟು ವರ್ಷದ ಹಿಂದೆ ದಾನೇಶ್ವರಿಗೆ ಡೆಂಗಿ ಬಂತು. ಐದನೇ ದಿನ ಹುಡುಗಿ ಹೋಗಿಬಿಟ್ಟಳು. ಎರಡನೇ ಕ್ಲಾಸಿನ ಮಗು.

ಬೆಳಿಗ್ಗೆ ಹತ್ತಕ್ಕೆ ಆಂಬ್ಯುಲೆನ್ಸ್ ಬಂತು. ಮಗುವನ್ನು ಚಾಪೆಯ ಮೇಲೆ ಮಲಗಿಸಿ ಶೇಖವ್ವ ಮುಂದೆ ಕೂತಳು. ಎದೆಗೆ ಕೈ ಬಡಿದುಕೊಂಡು ಹಾಡೆತ್ತಿದಳು: "ರಿಬ್ಬನ್ನ ಕಟ್ಟಿ ಕಳಿಸಿದ್ನೆಲ್ಲೇ ನನ್ನವ್ವಾ, ಬಿಳಿ ಬಟ್ಟ್ಯಾಗ ಸುತ್ತಿ ತಂದಾರಲ್ಲೇ..." ಕೆಳಗೆ ನಮ್ಮ ಮನೆಯವರೆಗೂ ಕೇಳಿಸಿತು. ನೈಟ್ ಶಿಫ್ಟ್ ಮುಗಿಸಿ ಮಲಗಿದ್ದ ಹುಡುಗರು ಎದ್ದು ಬಾಗಿಲಿಗೆ ಬಂದರು. ಅತ್ತೆ ನನ್ನನ್ನು ಕರೆದರು.

"ಶೋಭಾ, ಓಗಿ ಯೋಳು. ಇಂಗೆ ಕೂಗಾಡಿದ್ರೆ ಉಡುಗ್ರೆಲ್ಲ ರೂಮು ಖಾಲಿ ಮಾಡ್ತಾರೆ. ಸಾವಿನ ಮನೆ ಅಂತ ಎಸ್ರು ಬಂದ್ರೆ ಆಮೇಲೆ ಯಾರೂ ಬರಲ್ಲ."

ನಾನೂ ಹೆತ್ತವಳು. ಆದರೂ ಹೋದೆ. ಯಮನೂರನನ್ನು ಮೆಟ್ಟಿಲ ಹತ್ತಿರ ಕರೆದು, "ಮಲಗಿರೋರು ಇದಾರೆ ಕಣಪ್ಪ. ಸ್ವಲ್ಪ ಮೆತ್ತಗೆ ಅಳೋಕೆ ಹೇಳು," ಎಂದೆ. ಸತ್ತ ಮಗುವಿನ ತಾಯಿಗೆ ಮೆತ್ತಗೆ ಅಳು ಎಂದ ನಾಲಿಗೆ ಇದೇ.

ಅವನು "ಆತ್ರಿ ಅಕ್ಕಾರ" ಎಂದಷ್ಟೇ ಹೇಳಿ ಒಳಗೆ ಹೋದ. ಬಾಗಿಲು ತೆರೆದೇ ಇತ್ತು, ನನಗೆಲ್ಲ ಕಾಣುತ್ತಿತ್ತು. ಹೆಂಡತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅವಳ ಬಾಯಿಯ ಮೇಲೆ ಅಂಗೈ ಇಟ್ಟ. "ಅಳಬ್ಯಾಡ. ನಾವು ವಿಶ್ವಾಸಿಗಳು. ನಿರೀಕ್ಷೆ ಇಲ್ಲದವರಂಗ ಅಳಬಾರದು ಅಂತ ವಚನದಾಗ ಐತಿ. ದೇವರು ಬ್ಯಾಡ ಅಂದಾನ."

ನನ್ನ ಹೆಸರು ಹೇಳಲಿಲ್ಲ, ಅತ್ತೆಯ ಹೆಸರೂ ಹೇಳಲಿಲ್ಲ. ಮಗಳ ಹೆಣ ಮುಂದಿಟ್ಟುಕೊಂಡು ಕೂತವಳಿಗೆ, ಓನರು ಅಳಬೇಡ ಅಂದರು ಎಂದು ಯಾವ ಗಂಡ ತಾನೇ ಹೇಳಿಯಾನು? ನಾಚಿಕೆಗೆ ಸಿಕ್ಕಿ ದೇವರ ಮೇಲೆ ಹಾಕಿದ. ಶೇಖವ್ವನ ಹಾಡು ಅರ್ಧಕ್ಕೆ ನಿಂತಿತು. ಸಂಜೆ ನಾಲ್ಕಕ್ಕೆ ಆನೇಕಲ್ ರಸ್ತೆಯ ಸಮಾಧಿ ಸ್ಥಳದಲ್ಲಿ ಮಗುವನ್ನು ಮಣ್ಣು ಮಾಡಿದರು. ಅಲ್ಲಿಯೂ ಅವಳು ತುಟಿ ಬಿಚ್ಚಲಿಲ್ಲ.

ಆಮೇಲೆ ಅವಳು ಹಾಡಲೂ ಇಲ್ಲ, ಅಳಲೂ ಇಲ್ಲ. ಕೆಲಸಕ್ಕೆ ಹೋದಳು, ಬಂದಳು. ಮಂದಿರದಲ್ಲಿ ಎಲ್ಲರೂ ಹಾಡುವಾಗ ಇವಳು ಪುಸ್ತಕ ಹಿಡಿದು ನಿಂತಿರುತ್ತಾಳಂತೆ. ನಮ್ಮ ಮನೆಯಲ್ಲಿ ಅವಳು ಬಟ್ಟೆ ಕುಕ್ಕುವ ಸದ್ದು ಮಾತ್ರ ಉಳಿಯಿತು.

ನಾಲ್ಕು ವರ್ಷದ ಹಿಂದೆ ಯಮನೂರ ಗ್ರೀಕ್ ಹಿಡಿದ. ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟೊಂದರಲ್ಲಿ ಅನುಸೂಯಮ್ಮ ಎಂಬ ಮೇಡಂ ಇದ್ದಾರೆ. ಪಾದ್ರಿಗಳಾಗುವವರಿಗೆ ಪಾಠ ಹೇಳಿ ನಿವೃತ್ತರಾದವರು. ಭಾನುವಾರ ಮಧ್ಯಾಹ್ನ ಅವರ ಬಳಿ ಹೋಗಿ ಬರುತ್ತಿದ್ದ. ಬಂದವನು ತಾರಸಿಯ ನೀರಿನ ಟ್ಯಾಂಕಿನ ನೆರಳಲ್ಲಿ ನೋಟ್‌ಬುಕ್ ತೆರೆದು ಕೂರುತ್ತಿದ್ದ. ಬಟ್ಟೆ ಒಣಹಾಕಲು ಹೋದ ನನ್ನ ಮುಂದೆ ಒಂದು ದಿನ ಬಾಯಿಬಿಟ್ಟ.

"ಅಕ್ಕಾರ, ಕನ್ನಡದ ಬೈಬಲ್ಲು ತರ್ಜುಮೆ ಅಲ್ರಿ? ಆ ವಚನದ ಮೂಲ ಗ್ರೀಕಿನ್ಯಾಗ ಐತಿ. ತರ್ಜುಮೆ ಅಂದ್ರ ಡ್ರಾಯಿಂಗಿನ ಜೆರಾಕ್ಸ್ ಇದ್ದಂಗ. ಸಂಶಯ ಬಂದ್ರ ಮೂಲ ಡ್ರಾಯಿಂಗ್ ತೆಗದು ನೋಡಬೇಕು. ಅದರಾಗ ಅಳಬ್ಯಾಡ ಅಂತ ಖರೇನ ಇದ್ರ, ಅವತ್ತು ನಾ ಸುಳ್ಳು ಹೇಳಿಲ್ಲ ಅಂತ ಆತಲ್ರಿ."

ಅವನಿಗೆ ಬೇಕಾಗಿದ್ದದ್ದು ಇಷ್ಟೇ. ತಾನು ಅಂದು ಭದ್ರಮ್ಮನ ಮಾತನ್ನಲ್ಲ, ದೇವರ ಮಾತನ್ನೇ ಹೆಂಡತಿಗೆ ಮುಟ್ಟಿಸಿದ್ದು ಎಂದಾಗಬೇಕಿತ್ತು. ಆ ಸುಳ್ಳು ಗೊತ್ತಿದ್ದವಳು ನಾನೊಬ್ಬಳು, ಅದಕ್ಕೇ ನನ್ನ ಹತ್ತಿರ ಬಂದಿದ್ದ. ಬರಬರುತ್ತಾ ನನಗೂ ಹಾಗೇ ಆಗಲಿ ಅನ್ನಿಸತೊಡಗಿತು. ದೇವರು ಕೆಟ್ಟವನಾದರೆ ಆಗಲಿ, ನಾನು ಬಚಾವಾಗುತ್ತೇನಲ್ಲ. ಭಾನುವಾರ ಬಂತೆಂದರೆ "ಏನಂತಪ್ಪಾ ನಿನ್ ವಚನ?" ಎಂದು ನಾನೇ ಕೇಳುತ್ತಿದ್ದೆ.

ವಚನ ಬಗ್ಗಲಿಲ್ಲ. 'ಲುಪೇಸ್ಥೆ' ಎಂಬ ಪದ ಸಿಕ್ಕಿತು. ಅದು ಹೊಟ್ಟೆಯೊಳಗಿನ ಸಂಕಟದ ಮಾತು, ಬಾಯಿಬಿಟ್ಟು ಅಳುವುದಕ್ಕೆ ಗ್ರೀಕಿನಲ್ಲಿ ಬೇರೆ ಪದವಿದೆ, ಅದು ಈ ವಚನದಲ್ಲಿ ಇಲ್ಲವೇ ಇಲ್ಲ ಎಂದರು ಮೇಡಂ. ಆಮೇಲೆ 'ಕಥೋಸ್', ಅಂದರೆ 'ಹಾಗೆ'. ನಿರೀಕ್ಷೆ ಇಲ್ಲದವರ ಹಾಗೆ ಸಂಕಟಪಡಬೇಡಿ. ಸಂಕಟವೇ ಬೇಡ ಎಂದು ಕೆಲವು ಪಂಡಿತರು, ಸಂಕಟ ಇರಲಿ ಆದರೆ ಅವರ ಥರ ಬೇಡ ಎಂದು ಹೆಚ್ಚಿನವರು. ಯಮನೂರ ಸಂಕಟವೇ ಬೇಡ ಎಂದ ಆ ಕೆಲವರ ಮಾತಿಗೆ ಒಂದು ವರ್ಷ ಜೋತುಬಿದ್ದ.

ಆ ನಡುವೆಯೇ ನಮ್ಮತ್ತೆ ತೀರಿಕೊಂಡರು. ಬೀದಿಗೆ ಶಾಮಿಯಾನ ಹಾಕಿಸಿದೆವು, ತಮಟೆ ಬಡಿಸಿದೆವು, ಬೆಳಿಗ್ಗೆಯಿಂದ ಸಂಜೆಯವರೆಗೆ ನಾವೆಲ್ಲ ಗಂಟಲು ಹರಿಯುವ ಹಾಗೆ ಅತ್ತೆವು. ನೈಟ್ ಶಿಫ್ಟಿನವರು ಅಂದೂ ಮೇಲೆ ಮಲಗಿದ್ದರು. ಮೆತ್ತಗೆ ಅಳಿ ಎಂದು ಯಾರೂ ಬಂದು ಹೇಳಲಿಲ್ಲ. ಬಂದವರಿಗೆಲ್ಲ ಟೀ ಕಾಸಿ ಕೊಟ್ಟವಳು ಶೇಖವ್ವ. ಅವಳ ಕೈಯಿಂದ ಲೋಟ ತೆಗೆದುಕೊಳ್ಳುವಾಗ ನನಗೆ ಅವಳ ಮುಖ ನೋಡಲಾಗಲಿಲ್ಲ.

ಕಳೆದ ತಿಂಗಳು ಅನುಸೂಯಮ್ಮ ಇನ್ನೊಂದು ವಚನ ಓದಿಸಿದರಂತೆ. ಸ್ತೆಫನನೆಂಬ ಭಕ್ತನನ್ನು ಜನ ಕಲ್ಲು ಹೊಡೆದು ಕೊಂದರು, ದೈವಭಕ್ತರು ಅವನನ್ನು ಹೂಳಿ ದೊಡ್ಡ 'ಕೊಪೆತೋಸ್' ಮಾಡಿದರು. ಹಾಗಂದರೇನು ಎಂದು ಇವನು ಕೇಳಿದ್ದಕ್ಕೆ ಮೇಡಂ ತಮ್ಮ ಎದೆಗೆ ಎರಡು ಸಲ ಬಡಿದುಕೊಂಡು ತೋರಿಸಿದರು. "ಎದೆ ಬಡ್ಕೊಂಡು ಗೋಳಾಡೋದು ಯಮನೂರ. ಮಾಡಿದವರು ಭಕ್ತರೇ. ಅದು ತಪ್ಪು ಅಂತ ಅಲ್ಲಿ ಒಂದಕ್ಷರ ಇಲ್ಲ."

ಅಂದು ಅವನು ಟ್ಯಾಂಕಿನ ಬಳಿ ನೋಟ್‌ಬುಕ್ ತೆರೆಯದೆ ಕೂತಿದ್ದ. ಕಣ್ಣು ಕೆಂಪಾಗಿತ್ತು. "ನನ್ನ ಮಾತು ರಿಜೆಕ್ಟ್ ಆತ್ರಿ ಅಕ್ಕಾರ," ಎಂದ. "ಮೂಲದಾಗ ಇಲ್ಲ. ಇನ್ನ ಅಕಿಗೆ ಹೇಳಾಕ ಬೇಕು. ನೀವೂ ಬರ್ರಿ, ಒಬ್ಬನ ಕಡಿಂದ ಆಗೂದಿಲ್ಲ."

ಅವನ ಹಿಂದೆಯೇ ಮೆಟ್ಟಿಲಿಳಿದೆ. ಶೇಖವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಯಮನೂರ ಅವಳೆದುರು ಕೂತು ಎಲ್ಲವನ್ನೂ ಹೇಳಿದ, ವಚನದಲ್ಲಿ ಏನಿದೆ, ಏನಿಲ್ಲ, ಅವತ್ತು ಮೆಟ್ಟಿಲ ಹತ್ತಿರ ಏನು ನಡೆಯಿತು. ಅವಳು ತಲೆ ಎತ್ತಿ ನನ್ನ ಕಡೆ ನೋಡಿದಳು.

"ನೀವ ಹೇಳಿದ್ರೇನ್ರಿ ಅಕ್ಕಾರ?"

"ಹೂಂ ಶೇಖವ್ವ. ನಾನೇ."

ನನಗೆ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಗಂಡನ ಕಡೆ ತಿರುಗಿದಳು.

"ಓನರ್ ಬ್ಯಾಡ ಅಂದ್ರು ಅಂತ ಅವತ್ತ ಹೇಳಿದ್ರ, ಎತಗೊಂಡು ಹೋಗಿ ಬೀದ್ಯಾಗ ಕುಂತು ಅಳತಿದ್ದೆ. ಸ್ಮಶಾನದಾಗ ಅಳತಿದ್ದೆ. ಊರಿಗೆ ಒಯ್ದು ನಮ್ಮವ್ವನ ಮುಂದ ಹಾಕಿ ಅಳತಿದ್ದೆ. ದೇವರ ಬ್ಯಾಡ ಅಂದಾನ ಅಂದ್ರಿ. ದೇವರಿಲ್ಲದ ಜಾಗಾ ಯಾವುದೈತ್ರಿ, ನಾ ಹೋಗಿ ಅಳಾಕ?"

ಯಮನೂರ ಮುಖ ಮುಚ್ಚಿಕೊಂಡು ಬಿಕ್ಕಿದ. ನಾನು ಅವಳ ಕೈ ಹಿಡಿದುಕೊಂಡೆ. "ಈಗ ಅಳು ಶೇಖವ್ವ. ಇಡೀ ಬಿಲ್ಡಿಂಗ್ ಎದ್ದು ಬರ್ಲಿ, ನಾನು ಬಾಗಿಲಲ್ಲಿ ನಿಂತ್ಕೋತೀನಿ. ಅತ್ತುಬಿಡು ತಾಯಿ."

ಅವಳು ಕೈ ಬಿಡಿಸಿಕೊಂಡು ಮೊರ ಕೆಳಗಿಟ್ಟಳು. ಬಲಗೈ ಎದೆಯ ತನಕ ಬಂದು ಅಲ್ಲೇ ನಿಂತಿತು. ಆಮೇಲೆ, ಯಾರಿಗೋ ವಿಳಾಸ ಹೇಳುವ ಹಾಗೆ ಹೇಳಿದಳು: "ರಿಬ್ಬನ್ನ ಕಟ್ಟಿ ಕಳಿಸಿದ್ನೆಲ್ಲೇ ನನ್ನವ್ವಾ, ಬಿಳಿ ಬಟ್ಟ್ಯಾಗ ಸುತ್ತಿ ತಂದಾರಲ್ಲೇ."

ನಾವಿಬ್ಬರೂ ಕಾದೆವು.

"ಇದರ ಮುಂದಿಂದು ಬರವಲ್ದು," ಎಂದು ಶೇಖವ್ವ ಮೊರ ಎತ್ತಿಕೊಂಡಳು.